ಹಿಮದ ನಾಡಿನ ಮಕ್ಕಳು ಯಾವ ಪ್ರಾಣಿಯನ್ನು ನೋಡಬೇಕು?

ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ನಮ್ಮ ಖತೀಬರು ಪವಿತ್ರ ಕುರ್‌ಆನಿನ ಅಲ್-ಗಾಶಿಯ ಅಧ್ಯಾಯದ 17ನೇ ಸೂಕ್ತವನ್ನು ವಿವರಿಸಿದ್ದರು. ಒಂಟೆಯ ಸೃಷ್ಟಿಯ ಕಡೆಗೆ ಜನರು ಯಾಕೆ ಗಮನ ಹರಿಸುವುದಿಲ್ಲ ಎಂದು ಅಲ್ಲಾಹನು ಅಲ್ಲಿ ಕೇಳುತ್ತಾನೆ. ಒಂಟೆಯ ಡುಬ್ಬ, ಮರಳು ಒಳಗೆ ಹೋಗದಂತೆ ಮುಚ್ಚಿಕೊಳ್ಳುವ ಮೂಗು, ಉದ್ದ ರೆಪ್ಪೆಗೂದಲು, ಮರಳಿನಲ್ಲಿ ಹೂತು ಹೋಗದ ಅಗಲ ಪಾದ, ಎಲ್ಲವನ್ನೂ ಖತೀಬರು ಒಂದೊಂದಾಗಿ ಹೇಳಿದ್ದರು. ಮರುದಿನ ಮದ್ರಸದಲ್ಲಿ ಐದನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತ.

“ಉಸ್ತಾದ್, ಒಂಟೆ ಇರುವುದು ಅರಬ್ ನಾಡಿನಲ್ಲಿ. ನಮ್ಮ ಮಾಮ ಕೆನಡಾದಲ್ಲಿದ್ದಾರೆ. ಅಲ್ಲಿ ಬರೀ ಹಿಮ ಅಂತೆ. ಅಲ್ಲಿನ ಮಕ್ಕಳು ಏನನ್ನು ನೋಡಬೇಕು?”

ತರಗತಿಯಲ್ಲಿ ನಗು ಎದ್ದಿತು. ನನಗೆ ನಗು ಬರಲಿಲ್ಲ. ಆ ಸೂಕ್ತವನ್ನು ಮೊದಲು ಕೇಳಿದ ಜನರು ಪ್ರತಿದಿನ ಒಂಟೆಯ ಮೇಲೆ ಕೂತು ಹೋಗುತ್ತಿದ್ದವರು. ಅವರಿಗೆ ಅವರ ಅಂಗಳದ ಪ್ರಾಣಿಯನ್ನೇ ತೋರಿಸಲಾಯಿತು. ಹಾಗಾದರೆ ಬೇರೆ ನಾಡಿನವರು ತಮ್ಮ ಅಂಗಳದಲ್ಲಿ ಏನಿದೆಯೋ ಅದನ್ನು ನೋಡಬೇಕಾಗುತ್ತದೆ. ಆ ಹುಡುಗನಿಗೆ ಅಂದು ಹೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕ ಮಕ್ಕಳಿಗೆ ಮನೆಯ ದೊಡ್ಡವರು ಓದಿ ಹೇಳಲಿ.

ಹಿಮದ ನಾಡಿನ ಆ ಪ್ರಾಣಿಯ ಹೆಸರು ಮೂಸ್. ಯುರೋಪಿನವರು ಇದನ್ನೇ ಎಲ್ಕ್ ಎನ್ನುತ್ತಾರೆ. (ಮೂಸ್ ಎಂಬುದು ಅಮೆರಿಕದ ಮೂಲನಿವಾಸಿಗಳ ಭಾಷೆಯಿಂದ ಬಂದ ಪದ. ಪ್ರವಾದಿ ಮೂಸಾ(ಅ)ರ ಹೆಸರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ತರಗತಿಯಲ್ಲಿ ಇದನ್ನು ಎರಡು ಸಲ ಹೇಳಬೇಕಾಯಿತು.) ಕೆನಡಾ, ಅಲಾಸ್ಕ, ಅಮೆರಿಕದ ಉತ್ತರದ ರಾಜ್ಯಗಳು, ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾ, ಹೀಗೆ ಭೂಮಿಯ ಉತ್ತರ ಭಾಗವನ್ನು ಸುತ್ತುವರಿದಿರುವ ತಣ್ಣನೆಯ ಕಾಡುಗಳಲ್ಲಿ ಅದು ವಾಸಿಸುತ್ತದೆ. ಚಳಿಗಾಲದಲ್ಲಿ ಅಲ್ಲಿ ಕೆಲವೆಡೆ ಉಷ್ಣತೆ ಮೈನಸ್ 40 ಡಿಗ್ರಿಗೂ ಇಳಿಯುತ್ತದೆ. ನಮ್ಮ ಮನೆಯ ಫ್ರಿಜ್‌ನಲ್ಲಿ ಐಸ್ ಆಗುವ ಮೇಲಿನ ಭಾಗ ಇದೆಯಲ್ಲ, ಅದು ಸಾಮಾನ್ಯವಾಗಿ ಮೈನಸ್ 18. ಅದರ ಬಾಗಿಲು ತೆರೆದು ಅರ್ಧ ನಿಮಿಷ ಕೈ ಇಟ್ಟು ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ.

ಅಂತಹ ಚಳಿಯಲ್ಲಿ ಮನುಷ್ಯನ ಪಾಡೇನು? ಇದಕ್ಕೆ ನಮ್ಮ ಇತಿಹಾಸದಲ್ಲೇ ಒಂದು ಚೆಂದದ ಸಾಕ್ಷಿ ಇದೆ. ಕ್ರಿ.ಶ. 921ರಲ್ಲಿ ಬಗ್ದಾದಿನ ಖಲೀಫ ಅಲ್-ಮುಖ್ತದಿರ್, ವೋಲ್ಗಾ ನದಿಯ ದಡದಲ್ಲಿದ್ದ ಬುಲ್ಗಾರ್ ಜನರ ರಾಜನ ಬಳಿಗೆ ಒಂದು ನಿಯೋಗವನ್ನು ಕಳಿಸಿದರು. ದೀನ್ ಕಲಿಸುವವರನ್ನು ಕಳಿಸಿ, ಮಸೀದಿ ಕಟ್ಟಲು ನೆರವಾಗಿ ಎಂದು ಆ ರಾಜ ಕೇಳಿಕೊಂಡಿದ್ದ. ಆ ಜಾಗ ಇಂದಿನ ರಷ್ಯಾದ ತಾತಾರ್‌ಸ್ತಾನದಲ್ಲಿದೆ, ಅಂದರೆ ಮೂಸ್‌ಗಳ ನಾಡಿನಲ್ಲಿ. ನಿಯೋಗದಲ್ಲಿದ್ದ ಅಹ್ಮದ್ ಇಬ್ನ್ ಫದ್‌ಲಾನ್ ಪ್ರಯಾಣದ ವಿವರಗಳನ್ನು ಬರೆದಿಟ್ಟಿದ್ದಾರೆ. ದಾರಿಯಲ್ಲಿ ಖ್ವಾರಝ್ಮ್‌ನಲ್ಲಿ ಚಳಿಗಾಲ ಕಳೆಯುವಾಗ ಹಮಾಮಿನಿಂದ ಸ್ನಾನ ಮಾಡಿ ಮನೆಗೆ ಬರುವಷ್ಟರಲ್ಲಿ ಅವರ ಗಡ್ಡ ಮಂಜುಗಡ್ಡೆಯಾಗುತ್ತಿತ್ತಂತೆ. ಬೆಂಕಿಯ ಹತ್ತಿರ ಹಿಡಿದು ಕರಗಿಸಬೇಕಿತ್ತು. ಅಲ್ಲಿಂದ ಹೊರಡುವಾಗ ಅಂಗಿಯ ಮೇಲೆ ಅಂಗಿ, ಅದರ ಮೇಲೆ ಕುರಿಯ ಚರ್ಮ, ಅದರ ಮೇಲೆ ಕಂಬಳಿಯಂಥ ದಪ್ಪ ಹೊದಿಕೆ, ಕಣ್ಣು ಮಾತ್ರ ಕಾಣುವ ಮುಸುಕು, ಎರಡು ಇಜಾರ, ಎರಡು ಜೊತೆ ಬೂಟು ತೊಟ್ಟು ಒಂಟೆ ಏರಿದರು. ಬಟ್ಟೆಯ ಭಾರಕ್ಕೆ ಒಂಟೆಯ ಮೇಲೆ ಕೂತವರಿಗೆ ಅಲುಗಾಡಲೂ ಆಗುತ್ತಿರಲಿಲ್ಲ.

ಮೂಸ್ ಇವಾವುದೂ ಇಲ್ಲದೆ ಅದೇ ಚಳಿಯಲ್ಲಿ ನಿಂತು ಮೆಲುಕು ಹಾಕುತ್ತಿರುತ್ತದೆ.

ನಾವು ಕಡವೆ, ಚುಕ್ಕೆ ಜಿಂಕೆಗಳನ್ನು ಬಲ್ಲೆವು. ಬಂಡೀಪುರ, ನಾಗರಹೊಳೆಗೆ ಹೋದವರು ನೋಡಿಯೂ ಇರುತ್ತಾರೆ. ಮೂಸ್ ಕೂಡಾ ಅದೇ ಜಿಂಕೆಗಳ ಕುಟುಂಬದ್ದು, ಆ ಕುಟುಂಬದಲ್ಲೇ ಎಲ್ಲರಿಗಿಂತ ದೊಡ್ಡದು. ಅಲಾಸ್ಕದ ದೊಡ್ಡ ಗಂಡು ಮೂಸ್ 600 ಕಿಲೋ ಮೀರಿ ತೂಗುತ್ತದೆ. ಹೆಗಲಿನವರೆಗಿನ ಎತ್ತರವೇ ಸುಮಾರು 2 ಮೀಟರ್. ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲಂಚಿಗೆ ಅದರ ಹೆಗಲು ಬರುತ್ತದೆ. ತಲೆ, ಕೊಂಬು ಅದರ ಮೇಲೆ.

ಈ ದೊಡ್ಡ ಗಾತ್ರವೇ ಚಳಿಗೆ ಮೊದಲ ರಕ್ಷಣೆ. ಸಾಸರಿಗೆ ಸುರಿದ ಚಹಾ ಎರಡು ನಿಮಿಷದಲ್ಲಿ ತಣ್ಣಗಾಗುತ್ತದೆ. ಮದುವೆ ಮನೆಯ ಬಿರಿಯಾನಿಯ ದೊಡ್ಡ ದೇಗ್ ಒಲೆಯಿಂದ ಇಳಿಸಿ ಎಷ್ಟೋ ಹೊತ್ತಾದರೂ ಮುಚ್ಚಳ ತೆಗೆದರೆ ಹಬೆ ಏಳುತ್ತದೆ. ದೇಗ್‌ನೊಳಗೆ ಇರುವ ಬಿಸಿ ಬಹಳ, ಅದು ಹೊರಗೆ ಹೋಗಲು ಇರುವ ಮೈ ಅದಕ್ಕೆ ಹೋಲಿಸಿದರೆ ಕಡಿಮೆ. ದೊಡ್ಡ ದೇಹವೂ ಹಾಗೆಯೇ ಬಿಸಿಯನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ.

ಇನ್ನು ಆ ದೇಗ್‌ಗೆ ಹೊದಿಕೆ. ಮೂಸ್‌ನ ಮೈಯಲ್ಲಿ ಎರಡು ಪದರ ಕೂದಲು ಇದೆ. ಒಳಗೆ ಚರ್ಮಕ್ಕೆ ಅಂಟಿಕೊಂಡಂತೆ ಮೃದುವಾದ ದಟ್ಟ ತುಪ್ಪಳ, ಹೊರಗೆ ಉದ್ದ ಒರಟು ಕೂದಲು. ಹೊರಗಿನ ಕೂದಲುಗಳು ಒಳಗೆ ಟೊಳ್ಳು. ಪಪ್ಪಾಯಿ ಎಲೆಯ ಕಾಂಡವನ್ನು ಮುರಿದು ಪೀಪಿ ಊದಿದ ಮಕ್ಕಳಿಗೆ ಟೊಳ್ಳು ಎಂದರೆ ಏನೆಂದು ಹೇಳಬೇಕಾಗಿಲ್ಲ. ಪ್ರತಿ ಕೂದಲಿನ ಒಳಗೆ ಗಾಳಿ ಇದೆ, ಕೂದಲುಗಳ ನಡುವೆಯೂ ಗಾಳಿ ಸಿಕ್ಕಿಕೊಂಡಿದೆ. ನಿಂತ ಗಾಳಿಯ ಮೂಲಕ ಬಿಸಿ ಸುಲಭವಾಗಿ ದಾಟುವುದಿಲ್ಲ. ಮೂಸ್‌ನ ಬೆನ್ನಿನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಇರುವುದನ್ನು ಆ ನಾಡಿನವರು ನೋಡುತ್ತಿರುತ್ತಾರೆ. ಕೂದಲಿನ ಕೆಳಗೆ ಬಿಸಿ ರಕ್ತ ಹರಿಯುತ್ತಿದೆ, ಮೇಲೆ ಹಿಮ ಕರಗುತ್ತಿಲ್ಲ ಎಂದರೆ ಒಳಗಿನ ಬಿಸಿ ಹೊರಗೆ ಬರುತ್ತಿಲ್ಲ ಎಂದೇ ಅರ್ಥ.

ಹಿಮದಲ್ಲಿ ನಡೆಯುವುದು ಇನ್ನೊಂದು ಕಷ್ಟ. ಮಳೆಗಾಲದಲ್ಲಿ ಗದ್ದೆಯ ಕೆಸರಿಗೆ ಇಳಿದವರಿಗೆ ಗೊತ್ತು: ಕಾಲು ಹೂತರೆ ಎಳೆದು ತೆಗೆಯುವುದಕ್ಕೇ ಅರ್ಧ ಶಕ್ತಿ ಖರ್ಚು. ಮೂಸ್‌ನ ಕಾಲುಗಳು ದೇಹಕ್ಕೆ ಹೊಂದದಷ್ಟು ಉದ್ದವಾಗಿ ಕಾಣುತ್ತವೆ. ಚಿತ್ರದಲ್ಲಿ ನೋಡಿದರೆ ಯಾರದೋ ಕಾಲನ್ನು ಯಾರಿಗೋ ಜೋಡಿಸಿದಂತಿದೆ ಎನಿಸುತ್ತದೆ. ಆದರೆ ಮೊಣಕಾಲಿನ ಮೇಲೆ ಬರುವ ಹಿಮದಲ್ಲಿ ಆ ಕಾಲುಗಳು ನೇರವಾಗಿ ಮೇಲೆದ್ದು ನೇರವಾಗಿ ಕೆಳಗಿಳಿಯುತ್ತವೆ, ಹೊಟ್ಟೆ ಹಿಮಕ್ಕೆ ತಾಗುವುದಿಲ್ಲ. ಅದೇ ಹಿಮದಲ್ಲಿ ತೋಳಗಳು ಎದೆಮಟ್ಟ ಹೂತು ಒದ್ದಾಡುತ್ತವೆ. ಗೊರಸು ಎರಡಾಗಿ ಸೀಳಿದೆ, ಭಾರ ಬಿದ್ದಾಗ ಎರಡೂ ಅಗಲಕ್ಕೆ ಹರಡಿಕೊಳ್ಳುತ್ತವೆ. ಹಿಂದೆ ಎತ್ತರದಲ್ಲಿ ಇನ್ನೆರಡು ಚಿಕ್ಕ ಗೊರಸುಗಳಿವೆ. ಕೆಸರು ಆಳವಿದ್ದರೆ ಅವೂ ನೆಲಕ್ಕೆ ಊರಿ ಭಾರ ಹಂಚಿಕೊಳ್ಳುತ್ತವೆ. ಒಂಟೆಯ ಅಗಲ ಪಾದ ಮರಳಿನಲ್ಲಿ ಮಾಡುವ ಕೆಲಸವನ್ನು ಈ ಗೊರಸು ಜೌಗಿನಲ್ಲಿ ಮಾಡುತ್ತದೆ. ಆ ನಾಡಿನಲ್ಲಿ ಬೇಸಿಗೆ ಬಂದು ಹಿಮ ಕರಗಿದಾಗ ನೆಲವೆಲ್ಲಾ ಜೌಗು, ಕೆರೆ, ತೊರೆ. ಹಿಮಕ್ಕೆ ಆದ ಕಾಲು ನೀರಿಗೂ ಆಗುತ್ತದೆ.

ನೀರಿನ ವಿಷಯ ಬಂತು. ಮೂಸ್‌ನ ಬಗ್ಗೆ ಓದಿದ್ದರಲ್ಲಿ ನನಗೆ ಅತ್ಯಂತ ಬೆರಗೆನಿಸಿದ್ದು ಇದೇ.

ಇಷ್ಟು ದೊಡ್ಡ ಕಾಡುಪ್ರಾಣಿ ಬೇಸಿಗೆಯಲ್ಲಿ ದಿನದ ಬಹಳ ಹೊತ್ತು ಕೆರೆಯೊಳಗೆ ಇರುತ್ತದೆ. ಕತ್ತಿನವರೆಗೆ ಇಳಿದು, ತಲೆಯನ್ನು ನೀರಿನೊಳಗೆ ಹಾಕಿ, ತಳದಲ್ಲಿ ಬೆಳೆಯುವ ಗಿಡಗಳನ್ನು ಕಿತ್ತು ತಿನ್ನುತ್ತದೆ. ಕೆಲವೊಮ್ಮೆ ಪೂರ್ತಿ ಮುಳುಗಿಬಿಡುತ್ತದೆ. 5 ಮೀಟರ್‌ಗೂ ಹೆಚ್ಚು ಆಳಕ್ಕೆ ಮುಳುಗಿದ್ದನ್ನು ಕಂಡವರಿದ್ದಾರೆ. ಮೂಗಿನೊಳಗೆ ನೀರು ಹೋಗುವುದಿಲ್ಲವೇ? ಅದರ ಮೂಗು ನೋಡಲು ಊದಿಕೊಂಡಂತೆ ದೊಡ್ಡದು, ತುಟಿಯ ಮೇಲೆ ಜೋತುಬಿದ್ದಿರುತ್ತದೆ. ಆ ಮೂಗಿನ ಒಳಗಿರುವ ಮೃದ್ವಸ್ಥಿ, ಕೊಬ್ಬು ಮತ್ತು ಸ್ನಾಯುಗಳ ರಚನೆಯಿಂದಾಗಿ ತಲೆ ನೀರಿನೊಳಗೆ ಹೋದೊಡನೆ ಹೊಳ್ಳೆಗಳು ಮುಚ್ಚಿಕೊಳ್ಳುತ್ತವೆ. ಮರಳುಗಾಳಿ ಬಂದಾಗ ಒಂಟೆಯ ಮೂಗು ಮುಚ್ಚಿಕೊಳ್ಳುತ್ತದೆ, ನೀರಿಗೆ ತಲೆ ಹಾಕಿದಾಗ ಮೂಸ್‌ನ ಮೂಗು ಮುಚ್ಚಿಕೊಳ್ಳುತ್ತದೆ. ಈಜುವುದರಲ್ಲಿಯೂ ಅದು ಗಟ್ಟಿಗ, ಕಿಲೋಮೀಟರ್‌ಗಟ್ಟಲೆ ಈಜಬಲ್ಲದು. ಟೊಳ್ಳು ಕೂದಲಿನ ಒಳಗಿನ ಗಾಳಿ ತೇಲಲು ನೆರವಾಗುತ್ತದೆ.

ಆದರೆ ದಡದಲ್ಲಿ ಬೇಕಾದಷ್ಟು ಎಲೆ ಇರುವಾಗ ನೀರಿನ ತಳಕ್ಕೆ ಯಾಕೆ ಹೋಗಬೇಕು? ಉಪ್ಪಿಗಾಗಿ. ಅಡುಗೆಯಲ್ಲಿ ಉಪ್ಪು ಮರೆತರೆ ನಾವು ತಟ್ಟೆ ದೂಡುತ್ತೇವೆ, ಆದರೆ ಉಪ್ಪು ರುಚಿಗೆ ಮಾತ್ರ ಇರುವುದಲ್ಲ. ಉಪ್ಪಿನಲ್ಲಿರುವ ಸೋಡಿಯಂ ಇಲ್ಲದೆ ನರಗಳು, ಸ್ನಾಯುಗಳು ಕೆಲಸ ಮಾಡಲಾರವು. ಸಮುದ್ರದಿಂದ ದೂರದ ಆ ಉತ್ತರದ ಕಾಡುಗಳಲ್ಲಿ ಮರಗಿಡಗಳ ಎಲೆಯಲ್ಲಿ ಸೋಡಿಯಂ ತೀರಾ ಕಡಿಮೆ. ಕೆರೆಯ ತಳದ ಗಿಡಗಳಲ್ಲಿ ಅದರ ಎಷ್ಟೋ ಪಟ್ಟು ಹೆಚ್ಚು ಇದೆ. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿ ಆ ಉಗ್ರಾಣಕ್ಕೆ ಬೀಗ ಬೀಳುತ್ತದೆ. ಆದ್ದರಿಂದ ಬೇಸಿಗೆಯ ಕೆಲವೇ ತಿಂಗಳಲ್ಲಿ ಅದು ಉಪ್ಪಿನಂಶವನ್ನು ದೇಹಕ್ಕೆ ಸೇರಿಸಿಕೊಳ್ಳಬೇಕು.

ಈ ಉಪ್ಪಿನ ಹಂಬಲ ಈಗ ಅದನ್ನು ರಸ್ತೆಗೆ ಎಳೆದು ತರುತ್ತಿದೆ. ಕೆನಡಾದಲ್ಲಿ ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಎರಚುತ್ತಾರೆ. ಅದು ರಸ್ತೆಯ ಬದಿಯ ಗುಂಡಿಗಳಲ್ಲಿ ನಿಲ್ಲುತ್ತದೆ, ಕಾರುಗಳ ಮೈಗೂ ಅಂಟುತ್ತದೆ. ಮೂಸ್ ಬಂದು ಗುಂಡಿಯ ನೀರು ಕುಡಿಯುತ್ತದೆ, ನಿಂತ ಕಾರನ್ನೂ ನೆಕ್ಕುತ್ತದೆ! 2020ರಲ್ಲಿ ಕೆನಡಾದ ಜಾಸ್ಪರ್ ರಾಷ್ಟ್ರೀಯ ಉದ್ಯಾನದಲ್ಲಿ, ನಿಮ್ಮ ಕಾರನ್ನು ನೆಕ್ಕಲು ಮೂಸ್‌ಗಳನ್ನು ಬಿಡಬೇಡಿ ಎಂಬ ಫಲಕಗಳನ್ನೇ ಹಾಕಿದರು. ಇದನ್ನು ಕೇಳಿ ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಆದರೆ ಕಾರಿಗೆ ಹೆದರದ ಮೂಸ್ ರಾತ್ರಿ ರಸ್ತೆಯ ನಡುವೆ ನಿಂತರೆ ನಗುವಂತಿಲ್ಲ. ಹಿಮಕ್ಕಾಗಿ ಉದ್ದವಾಗಿರುವ ಆ ಕಾಲುಗಳಿಗೆ ಕಾರು ಬಡಿದಾಗ ಐನೂರು ಕಿಲೋದ ದೇಹ ನೇರವಾಗಿ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಮೂಸ್ ಸಾಯುತ್ತದೆ, ಕಾರಿನಲ್ಲಿದ್ದವರೂ ಸಾಯುವುದುಂಟು. ಕಾರುಗಳು ದಿಢೀರನೆ ತಿರುಗಿದಾಗ ಮಗುಚುತ್ತವೆಯೇ ಎಂದು ನೋಡುವ ಪರೀಕ್ಷೆಗೆ ಮೂಸ್ ಟೆಸ್ಟ್ ಎಂಬ ಹೆಸರು ಬಂದಿರುವುದು ಇದೇ ಕಾರಣಕ್ಕೆ. ಮನೆಯಲ್ಲಿ ಕಾರಿನ ಹುಚ್ಚಿರುವ ಅಣ್ಣಂದಿರು ಇದ್ದರೆ ಕೇಳಿ ನೋಡಿ.

ಊಟದ ವಿಷಯ ಹೇಳಲು ನಮ್ಮ ಮನೆಯ ಆಡು ಸಾಕು. ಆಡಿನ ಬಾಯಿ ತೆರೆದು ನೋಡಿದ್ದೀರಾ? ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲುಗಳೇ ಇಲ್ಲ, ಗಟ್ಟಿ ವಸಡು ಮಾತ್ರ. ಮೂಸ್‌ಗೂ ಅಷ್ಟೇ. ಉದ್ದನೆಯ ಮೇಲ್ದುಟಿಯಿಂದ ರೆಂಬೆಯನ್ನು ಕೈಯಲ್ಲಿ ಹಿಡಿದಂತೆ ಹಿಡಿದು, ಎಳೆದು, ಎಲೆಗಳನ್ನು ಸುಲಿದುಕೊಳ್ಳುತ್ತದೆ. ಹೊಟ್ಟೆಯಲ್ಲಿ ದನ, ಆಡುಗಳಂತೆ ನಾಲ್ಕು ಕೋಣೆಗಳು. ಬೇಗ ಬೇಗ ನುಂಗಿ, ಆಮೇಲೆ ಸುರಕ್ಷಿತ ಜಾಗದಲ್ಲಿ ಮಲಗಿ ಮೆಲುಕು ಹಾಕುತ್ತದೆ. (ಗೊರಸು ಸೀಳಿದ, ಮೆಲುಕು ಹಾಕುವ, ಸಸ್ಯ ತಿನ್ನುವ ಈ ಪ್ರಾಣಿ ಜಿಂಕೆಯಂತೆ ಹಲಾಲ್. ನಿಯಮ ಪ್ರಕಾರ ಝಬಹ್ ಆಗಿರಬೇಕು ಅಷ್ಟೆ. ಆ ನಾಡುಗಳಲ್ಲಿರುವ ನಮ್ಮವರು ಕೇಳುವ ಪ್ರಶ್ನೆಯಾದ್ದರಿಂದ ಹೇಳಿದೆ.) ಬೇಸಿಗೆಯಲ್ಲಿ ದಿನಕ್ಕೆ 20 ಕಿಲೋಗೂ ಹೆಚ್ಚು ಸೊಪ್ಪು ತಿನ್ನುತ್ತದೆ. ಚಳಿಗಾಲದಲ್ಲಿ ಎಲೆಗಳಿಲ್ಲ. ವಿಲ್ಲೋ, ಬರ್ಚ್ ಮರಗಳ ಒಣಕಲು ಕಡ್ಡಿ, ತೊಗಟೆ ಮತ್ತು ಫರ್ ಮರದ ಚಿಗುರು ಮಾತ್ರ. ಅದರಲ್ಲಿ ಸತ್ವ ಕಡಿಮೆ. ಆಗ ಮೂಸ್ ಓಡಾಟವನ್ನೇ ಕಡಿಮೆ ಮಾಡುತ್ತದೆ, ದೇಹದೊಳಗಿನ ಕೆಲಸಗಳೂ ನಿಧಾನವಾಗುತ್ತವೆ, ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ದಿನ ದೂಡುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಅದು ತೀರಾ ಬಡಕಲಾಗಿರುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೊಂಬಿನ ಬಗ್ಗೆ ಎಲ್ಲ ಮಕ್ಕಳೂ ಕೇಳುತ್ತಾರೆ. ಆಡಿನ ಕೊಂಬು ಜೀವನಪೂರ್ತಿ ಇರುತ್ತದೆ. ಮೂಸ್‌ನ ಕೊಂಬು ಹಾಗಲ್ಲ. ಅದು ಗಂಡಿಗೆ ಮಾತ್ರ, ಅದೂ ಪ್ರತಿ ವರ್ಷ ಬಿದ್ದು ಹೋಗಿ ಹೊಸದಾಗಿ ಬೆಳೆಯುತ್ತದೆ. ವಸಂತದಲ್ಲಿ ತಲೆಯ ಮೇಲೆ ಎರಡು ಗುಬುಟುಗಳು ಏಳುತ್ತವೆ. ಅವುಗಳ ಮೇಲೆ ಮಖಮಲ್ಲಿನಂಥ ಚರ್ಮ, ಅದರೊಳಗೆ ರಕ್ತನಾಳಗಳು. ಬೆಳೆಯುವ ವೇಗ ದಿನಕ್ಕೆ 2 ಸೆಂಟಿಮೀಟರ್ ದಾಟುವುದೂ ಇದೆ. ಆಗಸ್ಟ್ ಕೊನೆಯ ಹೊತ್ತಿಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೂವರೆ ಮೀಟರ್ ಮೀರಿದ, 25-30 ಕಿಲೋ ತೂಗುವ ಎಲುಬಿನ ಕಿರೀಟ ಸಿದ್ಧ. ಇಷ್ಟು ಎಲುಬು ಕಟ್ಟಲು ತಿಂದ ಆಹಾರ ಸಾಲದೆ ಅದರ ದೇಹ ತನ್ನದೇ ಪಕ್ಕೆಲುಬುಗಳಿಂದ ಸುಣ್ಣದಂಶವನ್ನು ಸಾಲ ತೆಗೆದುಕೊಂಡು ಆಮೇಲೆ ತೀರಿಸುತ್ತದೆ.

ಉಳಿದ ಜಿಂಕೆಗಳ ಕೊಂಬು ಮರದ ಕವಲಿನಂತಿದ್ದರೆ ಮೂಸ್‌ನದ್ದು ದುಆಕ್ಕಾಗಿ ಎತ್ತಿದ ಎರಡು ಅಂಗೈಗಳಂತೆ ಅಗಲ, ಅಂಚಿನಲ್ಲಿ ಬೆರಳುಗಳಂಥ ಮೊನೆಗಳು. ಕಿವಿಯ ಹಿಂದೆ ಅಂಗೈ ಮಡಚಿ ಹಿಡಿದರೆ ಸದ್ದು ಸ್ಪಷ್ಟವಾಗಿ ಕೇಳುತ್ತದಲ್ಲ, ಹಾಗೆಯೇ ಈ ಅಗಲ ಕೊಂಬು ದೂರದ ಸದ್ದನ್ನು ಕಿವಿಯ ಕಡೆಗೆ ತಿರುಗಿಸುತ್ತದೆ ಎಂದು ವಿಜ್ಞಾನಿಗಳು ಪರೀಕ್ಷಿಸಿ ಹೇಳಿದ್ದಾರೆ. ಶರತ್ಕಾಲದಲ್ಲಿ ಗಂಡುಗಳು ಪರಸ್ಪರ ಸೆಣಸಲು ಬಳಸುವುದೂ ಇದನ್ನೇ. ಆ ಕಾಲ ಮುಗಿದ ಮೇಲೆ ಚಳಿಗಾಲದಲ್ಲಿ 30 ಕಿಲೋ ಹೊತ್ತು ತಿರುಗುವುದು ಬರೀ ದಂಡ. ಕೊಂಬು ಕಳಚಿ ಬೀಳುತ್ತದೆ. ಕಾಡಿನ ಇಲಿ, ಅಳಿಲುಗಳು ಅದನ್ನು ಕಡಿದು ತಮ್ಮ ಪಾಲಿನ ಸುಣ್ಣ ಪಡೆಯುತ್ತವೆ.

ಮರಿ ಹುಟ್ಟುವುದು ಮೇ-ಜೂನ್‌ನಲ್ಲಿ, ಹಿಮ ಹೋಗಿ ಹಸಿರು ಬರುವ ಹೊತ್ತಿಗೆ. ಒಂದು, ಹಲವು ಬಾರಿ ಅವಳಿ. ನಮ್ಮ ಜಿಂಕೆ ಮರಿಯಂತೆ ಅದಕ್ಕೆ ಚುಕ್ಕೆಗಳಿಲ್ಲ, ಕೆಂಪು ಕಂದು ಬಣ್ಣ. ಹುಟ್ಟಿದ ದಿನವೇ ಎದ್ದು ನಿಲ್ಲುತ್ತದೆ, ಕೆಲವೇ ದಿನಗಳಲ್ಲಿ ತಾಯಿಯ ಹಿಂದೆ ಈಜುತ್ತದೆ. ಕರಡಿ, ತೋಳ ಬಂದರೆ ತಾಯಿ ಓಡುವುದಿಲ್ಲ. ಮುಂದಿನ ಕಾಲುಗಳಿಂದ ಒದೆಯುತ್ತಾಳೆ. ಒಂದು ವರ್ಷ ಮರಿ ತಾಯಿಯ ಜೊತೆಗೇ ಇದ್ದು, ಯಾವ ಗಿಡ ತಿನ್ನಬೇಕು, ಆಳದ ಹಿಮ ಬಂದಾಗ ಯಾವ ಮರಗಳ ಕೆಳಗೆ ನಿಲ್ಲಬೇಕು ಎಂದು ಕಲಿಯುತ್ತದೆ.

ಫಿರ್‌ಔನನು ನಿಮ್ಮ ಪ್ರಭು ಯಾರು ಎಂದು ಕೇಳಿದಾಗ ಪ್ರವಾದಿ ಮೂಸಾ(ಅ) ಕೊಟ್ಟ ಉತ್ತರ ತ್ವಾಹಾ ಅಧ್ಯಾಯದಲ್ಲಿದೆ. ಪ್ರತಿಯೊಂದಕ್ಕೂ ರೂಪ ಕೊಟ್ಟದ್ದನ್ನು ಹೇಳಿ ಅವರು ಅಲ್ಲಿಗೇ ನಿಲ್ಲಿಸಲಿಲ್ಲ, ದಾರಿ ತೋರಿಸಿದ್ದನ್ನೂ ಸೇರಿಸಿ ಹೇಳಿದರು. ಮುಚ್ಚಿಕೊಳ್ಳುವ ಮೂಗು ರೂಪ. ಕೆರೆಯ ತಳದಲ್ಲಿ ಉಪ್ಪಿದೆ ಎಂಬ ಅರಿವು ದಾರಿ. ಶಾಲೆಯ ಪುಸ್ತಕದಲ್ಲಿ ಇದಕ್ಕೆಲ್ಲ ಹೊಂದಾಣಿಕೆ ಎಂಬ ಪದ ಬಳಸುತ್ತಾರೆ. ಮಕ್ಕಳು ಪರೀಕ್ಷೆಯಲ್ಲಿ ಅದನ್ನೇ ಬರೆಯಲಿ, ಹೇಗೆ ಎಂಬುದನ್ನು ಚೆನ್ನಾಗಿ ಕಲಿಯಲಿ. ಕಲಿತಷ್ಟೂ ಖುತ್ಬಾದಲ್ಲಿ ಕೇಳಿದ್ದು ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ಆ ಹುಡುಗ ಮತ್ತೆ ಎದ್ದು ನಿಂತ. “ಉಸ್ತಾದ್, ಇಷ್ಟು ಗಟ್ಟಿ ಇದ್ದರೆ ನಮ್ಮ ಊರಿಗೂ ತಂದು ಸಾಕಬಹುದಲ್ಲ?”

ಆಗುವುದಿಲ್ಲ. ಚಳಿಗೆ ಇಷ್ಟು ಚೆನ್ನಾಗಿ ಹೊಂದಿಕೊಂಡ ದೇಹಕ್ಕೆ ಸೆಕೆ ತಡೆಯುವುದಿಲ್ಲ. ದೊಡ್ಡ ಗಾತ್ರ, ಗಾಳಿ ತುಂಬಿದ ಕೂದಲು, ಹೊಟ್ಟೆಯೊಳಗೆ ಹುದುಗುತ್ತಾ ಬಿಸಿ ಹುಟ್ಟಿಸುವ ಮೇವು, ಚಳಿಗಾಲದಲ್ಲಿ ವರವಾದ ಇವೇ ಸೆಕೆಯಲ್ಲಿ ಹೊರೆ. ನಮ್ಮಂತೆ ಬೆವರಿ ತಣ್ಣಗಾಗಲೂ ಅದಕ್ಕೆ ಬಾರದು. ಬೇಸಿಗೆಯಲ್ಲಿ 14 ಡಿಗ್ರಿ ದಾಟಿದರೆ ಅದಕ್ಕೆ ಸೆಕೆಯ ತೊಂದರೆ ಶುರು, ಉಸಿರಾಟ ಜೋರಾಗುತ್ತದೆ. ಚಳಿಗಾಲದ ದಪ್ಪ ಕೂದಲು ಹೊತ್ತಿರುವಾಗ ಮೈನಸ್ 5 ಡಿಗ್ರಿಯೂ ಅದಕ್ಕೆ ಹೆಚ್ಚು. ನಮ್ಮ ಊರಿನಲ್ಲಿ 14 ಡಿಗ್ರಿ ಎಂದರೆ ನಾವು ಫಜ್ರ್ ನಮಾಝಿಗೆ ಶಾಲು ಹೊದ್ದು ಹೋಗುತ್ತೇವೆ!

ಮೂಸ್ ನಮ್ಮ ಊರಿಗೆ ಬರಬೇಕಾಗಿಲ್ಲ, ಈಗ ಸೆಕೆಯೇ ಅದರ ಊರಿಗೆ ಹೋಗುತ್ತಿದೆ. ಭೂಮಿಯ ಉಷ್ಣತೆ ಏರುತ್ತಿರುವುದನ್ನು ನೀವು ಓದಿದ್ದೀರಿ. ಅಮೆರಿಕದ ಮಿನ್ನೆಸೋಟ ರಾಜ್ಯದ ಈಶಾನ್ಯ ಭಾಗದಲ್ಲಿ 2006ರಲ್ಲಿ 8 ಸಾವಿರಕ್ಕೂ ಹೆಚ್ಚು ಮೂಸ್‌ಗಳಿದ್ದವು ಎಂದು ಅಂದಾಜಿತ್ತು. ಇತ್ತೀಚಿನ ವರ್ಷಗಳ ಅಂದಾಜು ಅದರ ಅರ್ಧಕ್ಕಿಂತಲೂ ಕಡಿಮೆ. ಇದಕ್ಕೆ ಕಾರಣ ಒಂದೇ ಅಲ್ಲ. ತೋಳ, ರೋಗ, ಬೇರೆ ಜಿಂಕೆಗಳಿಂದ ಹರಡುವ ಮೆದುಳಿನ ಹುಳು, ಎಲ್ಲವೂ ಸೇರಿವೆ. ಎಲ್ಲ ಕಡೆಯೂ ಹೀಗೆಯೇ ಎನ್ನುವಂತಿಲ್ಲ, ಅಲಾಸ್ಕದ ಉತ್ತರದ ತುದಿಯಲ್ಲಿ ಮೊದಲು ಮೂಸ್ ಇರದಿದ್ದ ಜಾಗಕ್ಕೂ ಅವು ಹೋಗಿವೆ, ಅಲ್ಲಿ ಈಗ ಪೊದೆಗಳು ಎತ್ತರ ಬೆಳೆಯುತ್ತಿವೆ. ಆದರೆ ಮೇನ್ ಮತ್ತು ನ್ಯೂ ಹ್ಯಾಂಪ್‌ಶೈರ್ ಎಂಬ ರಾಜ್ಯಗಳಲ್ಲಿ ನಡೆಯುತ್ತಿರುವುದನ್ನು ಮಕ್ಕಳಿಗೂ ಹೇಳಲೇಬೇಕು.

ಅಲ್ಲಿ ಒಂದು ಬಗೆಯ ಉಣುಗು ಇದೆ. ನಾವು ದನ, ನಾಯಿಗಳ ಮೈಯಲ್ಲಿ ನೋಡುವ ಉಣ್ಣಿಯಂಥದ್ದೇ. ಮಲೆನಾಡಿನವರಿಗೆ ಮಂಗನ ಕಾಯಿಲೆಯ ಉಣುಗು ಗೊತ್ತು, ಇದು ಬೇರೆ ಜಾತಿ. ಶರತ್ಕಾಲದಲ್ಲಿ ಇದರ ಮರಿಗಳು ಗಿಡದ ತುದಿಗೆ ಹತ್ತಿ, ಒಂದರ ಕಾಲು ಇನ್ನೊಂದು ಹಿಡಿದು ಗೊಂಚಲಾಗಿ ಕಾಯುತ್ತವೆ. ಮೂಸ್ ಉಜ್ಜಿಕೊಂಡು ಹೋದರೆ ಇಡೀ ಗೊಂಚಲು ಅದರ ಮೈಗೆ ಹತ್ತುತ್ತದೆ. ಚಳಿಗಾಲಪೂರ್ತಿ ಅಲ್ಲೇ ರಕ್ತ ಹೀರಿ, ಮಾರ್ಚ್-ಏಪ್ರಿಲ್‌ನಲ್ಲಿ ಹೊಟ್ಟೆ ತುಂಬಿ ಕೆಳಗೆ ಬಿದ್ದು ಮೊಟ್ಟೆ ಇಡುತ್ತದೆ. ಇದನ್ನು ತಡೆಯುತ್ತಿದ್ದದ್ದು ಹಿಮ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಮ ಬಿದ್ದರೆ ಗಿಡದ ಮೇಲೆ ಕಾಯುತ್ತಿದ್ದ ಉಣುಗುಗಳ ಆಟ ಮುಗಿಯಿತು. ಏಪ್ರಿಲ್‌ನಲ್ಲಿ ಇನ್ನೂ ಹಿಮ ಇದ್ದರೆ ಅದರ ಮೇಲೆ ಬಿದ್ದ ಹೆಣ್ಣುಗಳೂ ಸಾಯುತ್ತವೆ. ಈಗ ಹಿಮ ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ಉಣುಗುಗಳಿಗೆ ಎರಡೂ ತುದಿಯಲ್ಲಿ ರಜೆ ಸಿಕ್ಕಂತಾಯಿತು.

2014ರಿಂದ 2016ರವರೆಗೆ ಅಲ್ಲಿನ ಸಂಶೋಧಕರು 125 ಮೂಸ್ ಮರಿಗಳ ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿ ಹಿಂಬಾಲಿಸಿದರು. ಅವುಗಳಲ್ಲಿ 88 ಸತ್ತವು, ಅಂದರೆ ನೂರಕ್ಕೆ 70. ಒಂದೊಂದರ ಮೈಯಲ್ಲಿ ಸರಾಸರಿ 47 ಸಾವಿರ ಉಣುಗುಗಳು. ಚಳಿಗಾಲದ ಕೊನೆಗೆ ಮೂಸ್ ಬಡಕಲಾಗಿರುತ್ತದೆ ಎಂದೆನಲ್ಲ, ಸರಿಯಾಗಿ ಅದೇ ವಾರಗಳಲ್ಲಿ ಉಣುಗು ಹೆಚ್ಚು ರಕ್ತ ಹೀರುತ್ತದೆ. ಮೊದಲ ಚಳಿಗಾಲ ಕಾಣುತ್ತಿರುವ ಮರಿಯ ಮೈಯಲ್ಲಿ ಕೊಡಲು ಅಷ್ಟು ರಕ್ತವೇ ಇರುವುದಿಲ್ಲ. ದೊಡ್ಡವು ಬದುಕಿ ಉಳಿದರೂ ತುರಿಕೆ ತಾಳಲಾರದೆ ಮರಕ್ಕೆ ಮೈ ಉಜ್ಜಿ ಉಜ್ಜಿ, ನೆಕ್ಕಿ, ಕೂದಲು ಕಿತ್ತುಕೊಳ್ಳುತ್ತವೆ. ಬೆನ್ನಿನ ಮೇಲೆ ಹಿಮ ಕರಗದಂತೆ ಕಾಯುತ್ತಿದ್ದ ಅದೇ ಟೊಳ್ಳು ಕೂದಲು ತುಂಡಾಗಿ, ಉದುರಿ, ಮೈ ಬೆಳ್ಳಗೆ ಕಾಣುತ್ತದೆ. ಅಲ್ಲಿನ ಜನ ಇವುಗಳಿಗೆ ಭೂತ ಮೂಸ್ ಎಂದು ಹೆಸರಿಟ್ಟಿದ್ದಾರೆ.

ಪ್ರವಾದಿ(ಸ) ಮದೀನದಲ್ಲಿ ಅನ್ಸಾರಿಯೊಬ್ಬರ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ನರಳಿ ಕಣ್ಣೀರು ಹಾಕಿದ ಪ್ರಸಂಗ ಅಬೂದಾವೂದ್ ಸಂಗ್ರಹದಲ್ಲಿದೆ. ಅವರು ಅದರ ಕಿವಿಯ ಹಿಂಭಾಗ ಸವರಿ ಸಮಾಧಾನ ಮಾಡಿ, ಇದರ ಒಡೆಯ ಯಾರು ಎಂದು ವಿಚಾರಿಸಿದರು. ಹಸಿವೆಯಲ್ಲಿಟ್ಟು ದಣಿಸುತ್ತಿರುವುದಾಗಿ ಒಂಟೆ ದೂರುತ್ತಿದೆ ಎಂದು ಆ ಯುವಕನಿಗೆ ತಿಳಿಸಿ, ಅಲ್ಲಾಹನನ್ನು ಭಯಪಡಲು ಹೇಳಿದರು. ಈ ಹದೀಸ್ ನಮ್ಮ ಮಕ್ಕಳಿಗೆ ಪಾಠದಲ್ಲಿ ಮೊದಲೇ ಆಗಿತ್ತು. ಭೂತ ಮೂಸ್‌ನ ಕಥೆ ಮುಗಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನೇ ನೆನಪಿಸಿ ಕೇಳಿದಳು: “ಆ ಒಂಟೆಗೆ ಒಬ್ಬ ಒಡೆಯ ಇದ್ದ. ಹಿಮ ತಡವಾಗಿ ಬಂದರೆ ಯಾರಿಗೆ ಹೇಳುವುದು ಉಸ್ತಾದ್?”

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟ ಹೊಗೆ ಗಾಳಿಯಲ್ಲಿ ಉಳಿದು ಭೂಮಿಯ ಬಿಸಿಯನ್ನು ಹಿಡಿದಿಡುತ್ತದೆ, ಬಹುಪಾಲು ಸುಟ್ಟದ್ದು ಶ್ರೀಮಂತ ದೇಶಗಳು, ಈಗ ನಮ್ಮ ದೇಶವೂ ಬಹಳ ಸುಡುತ್ತಿದೆ, ಮಸೀದಿಯ ಹೊರಗೆ ನಿಂತಿರುವ ನನ್ನ ಸ್ಕೂಟರಿನದ್ದೂ ಅದರಲ್ಲಿ ಸ್ವಲ್ಪ ಸೇರಿದೆ ಎಂದೆ. ಅವಳು ಕಿಟಕಿಯಿಂದ ಸ್ಕೂಟರಿನ ಕಡೆ ನೋಡಿದಳು. ನನಗೆ ಸ್ವಲ್ಪ ಮುಜುಗರವಾಯಿತು.

ಕೆನಡಾದ ಮಾಮನ ಹುಡುಗನಿಗೆ ಮಾತ್ರ ಇನ್ನೂ ಒಂದು ಅನುಮಾನ ಉಳಿದಿತ್ತು. ಅಷ್ಟು ಉತ್ತರದಲ್ಲಿ ಮುಸ್ಲಿಂ ಮಕ್ಕಳು ನಿಜವಾಗಿಯೂ ಇದ್ದಾರೆಯೇ? ಇದ್ದಾರೆ. ಕೆನಡಾದ ಇನುವಿಕ್ ಎಂಬ ಚಿಕ್ಕ ಊರು ಎಷ್ಟು ಉತ್ತರದಲ್ಲಿದೆ ಎಂದರೆ ಚಳಿಗಾಲದಲ್ಲಿ ಸುಮಾರು ಒಂದು ತಿಂಗಳು ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಅಲ್ಲಿ ಮಸೀದಿ ಕಟ್ಟುವುದು ದುಬಾರಿಯಾದ್ದರಿಂದ ವಿನ್ನಿಪೆಗ್ ನಗರದಲ್ಲಿ ಕಟ್ಟಿ, 2010ರಲ್ಲಿ ಲಾರಿಯಲ್ಲೂ ಆಮೇಲೆ ಮೆಕೆಂಝಿ ನದಿಯ ಮೇಲೆ ದೋಣಿಯಲ್ಲೂ ಸಾಗಿಸಿದರು. ಸುಮಾರು 4 ಸಾವಿರ ಕಿಲೋಮೀಟರ್ ಪ್ರಯಾಣ. ಆ ನದಿಯ ದಡದ ವಿಲ್ಲೋ ಪೊದೆಗಳಲ್ಲಿ ಮೂಸ್‌ಗಳಿವೆ. ಅಲ್ಲಿನ ಮಕ್ಕಳು ಅಲ್-ಗಾಶಿಯ ಓದಿ ಹೊರಗೆ ನೋಡಿದರೆ ಕಾಣಬಹುದಾದದ್ದು ಅದೇ.

ಮೇನ್ ರಾಜ್ಯದಲ್ಲಿ ಆಮೇಲೂ ಹಲವು ವರ್ಷ ಮರಿಗಳನ್ನು ಎಣಿಸಿದ್ದಾರೆ. ಹಿಮ ಬೇಗ ಬಂದು ಬಹಳ ದಿನ ನಿಂತ ವರ್ಷಗಳ ನಂತರ ಉಣುಗು ಕಡಿಮೆಯಾಗುತ್ತದೆ, ಏಪ್ರಿಲ್ ದಾಟಿ ಉಳಿಯುವ ಮರಿಗಳು ಹೆಚ್ಚಾಗುತ್ತವೆ. ಈ ನವೆಂಬರ್‌ನಲ್ಲಿ ಮಾಮನಿಗೆ ಫೋನ್ ಮಾಡಿ ಅವರ ಊರಿನಲ್ಲಿ ಹಿಮ ಬಿತ್ತೇ ಎಂದು ಕೇಳುತ್ತೇನೆ ಎಂದು ಹುಡುಗ ಹೇಳಿದ್ದಾನೆ.